ವಾಲಿದ ಅಣು, ಮಲಗದ ಕಾಕಾ

ಕೆಲವರ ಬದುಕಿನಲ್ಲಿ ಎಲ್ಲವೂ ಸರಾಗವಾಗಿ ನಡೆಯುತ್ತದಂತೆ. ಈ ಶತಮಾನದ ಮೊದಲ ದಶಕದಲ್ಲಿ ನಾನು ಪುಣೆಯ ಒಂದು ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಆಗ ವಾರಕ್ಕೊಂದು ಫಜೀತಿ ಆಗದಿದ್ದರೆ ನನಗೇ ಅನುಮಾನ ಬರುತ್ತಿತ್ತು. ಮೊದಲೇ ನಾನು ಕೂತಲ್ಲಿ ಕೂರುವವನಲ್ಲ. ಅಂಥವನಿಗೆ ಸಿಕ್ಕಿದ್ದು ಅಲುಗಾಡದೆ ಮಾಡಬೇಕಾದ ಕೆಲಸ.

ಕೆಲಸ ಇಷ್ಟೇ. ಚಿನ್ನದ ಸೂಜಿಯ ಮೊನೆಯನ್ನು ಚಿನ್ನದ ತಗಡಿಗೆ ಮುಟ್ಟಿಸಿ ಮೆಲ್ಲಗೆ ಹಿಂದಕ್ಕೆಳೆಯುವುದು. ಎರಡೂ ಬಿಟ್ಟುಕೊಳ್ಳುವಾಗ ನಡುವಿನ ಸಂದಿಯಲ್ಲಿ ಒಂದೇ ಒಂದು ಅಣು ಸೇತುವೆಯ ಹಾಗೆ ಸಿಕ್ಕಿಕೊಳ್ಳುತ್ತದೆ, ಅದೂ ಕ್ಷಣಕಾಲ. ಅಷ್ಟರಲ್ಲಿ ಅದರೊಳಗೆ ಎಷ್ಟು ಕರೆಂಟು ಹರಿಯಿತೆಂದು ಅಳೆಯಬೇಕು. ನನ್ನ ಅಣು ವಾಲಿಕೊಂಡಿದ್ದರೆ ಕರೆಂಟು ಹೆಚ್ಚು, ನೆಟ್ಟಗೆ ನಿಂತರೆ ಕಡಿಮೆ. ಸಾವಿರಾರು ಸಲ ಎಳೆದು ಅಳೆದರೆ ಕಂಪ್ಯೂಟರಿನ ಪರದೆಯ ಮೇಲೆ ಗ್ರಾಫಿನಲ್ಲಿ ಎರಡು ಗುಡ್ಡ ಏಳಬೇಕು, ವಾಲಿದ್ದಕ್ಕೊಂದು, ನಿಂತಿದ್ದಕ್ಕೊಂದು. ಆ ಎರಡೂ ತಮ್ಮ ಕಣ್ಣೆದುರು ಎದ್ದರೆ ಮಾತ್ರ ಥೀಸಿಸ್‌ಗೆ ಸಹಿ ಎಂದಿದ್ದರು ನನ್ನ ಗೈಡ್. ಥೀಸಿಸ್ ಆದರೆ ಮಾತ್ರ ಮದುವೆ ಎಂದಿದ್ದರು ಪುಣೆಯದೇ ಬಡಾವಣೆಯಾದ ಖಡಕಿಯಲ್ಲಿ, ನಾನು ನೋಡಿಬಂದಿದ್ದ ಹುಡುಗಿಯ ತಂದೆ. ನನಗೆ ಹುಡುಗಿ ಭಾಳ ಇಷ್ಟವಾಗಿದ್ದಳು. ಹಾಗಾಗಿ ಆ ಗುಡ್ಡಗಳಿಗಾಗಿ ಜೀವ ಒದ್ದಾಡುತ್ತಿತ್ತು.

ರಬ್ಬರ್ ಹಗ್ಗ

ನೆಲದ ನಡುಕ ತಟ್ಟದಿರಲೆಂದು ಯಂತ್ರವನ್ನು ರಬ್ಬರ್ ಹಗ್ಗಗಳಲ್ಲಿ ತೂಗುಹಾಕುವುದು ನಮ್ಮ ಪದ್ಧತಿ. ಸೈಕಲ್ ಕ್ಯಾರಿಯರಿಗೆ ಬಿಗಿಯುವಂಥ ಹಗ್ಗ ತರಲು ಪೇಟೆಯ ಅಂಗಡಿಗೆ ಹೋದೆ. ಅಂಗಡಿಯವರು ಪೇಪರಿನಿಂದ ತಲೆ ಎತ್ತದೆಯೇ ಮರಾಠಿಯಲ್ಲಿ ಕೇಳಿದರು:

"ಸಾಮಾನು ಏನು?"

"ಒಂದು ಪೆಟ್ಟಿಗೆ. ಹತ್ತು ಕಿಲೋ."

"ಎಲ್ಲಿಗೆ ಒಯ್ಯಬೇಕು?"

"ಎಲ್ಲಿಗೂ ಇಲ್ಲ. ಅದು ಒಂಚೂರೂ ಅಲುಗಬಾರದು, ಅದಕ್ಕೇ ಹಗ್ಗ."

ಈಗ ತಲೆ ಎತ್ತಿದರು. ನನ್ನನ್ನು ನೋಡಿದರು, ಗಡಿಯಾರ ನೋಡಿದರು. ಒಂದಕ್ಕೆ ಐದು ನಿಮಿಷವಿತ್ತು.

"ಅಲುಗಬಾರದಿದ್ದರೆ ನೆಲದ ಮೇಲಿಡಿ. ಅಂಗಡಿ ಇನ್ನು ನಾಲ್ಕಕ್ಕೆ ತೆರೆಯುತ್ತದೆ, ಅಷ್ಟರಲ್ಲಿ ಯೋಚಿಸಿ ಬನ್ನಿ," ಎಂದು ಶಟರ್ ಎಳೆದರು.

ಖಡಕಿಯ ತೀರ್ಪು

ಹುಡುಗಿಯ ತಂದೆ ವಿಜಾಪುರದ ಕಡೆಯವರು, ಸರ್ಕಾರಿ ಗುಮಾಸ್ತರು. ಕೊರಳಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ಕುರ್ಚಿಯ ಬೆನ್ನಿಗೆ ಒರಗದೆ ಕೂರುವವರು. ನಿಮ್ಮ ಸಂಶೋಧನೆ ಏನೆಂದು ಕೇಳಿದರು. ನಾನು ಉಮೇದಿನಿಂದ ಸೂಜಿಯಿಂದ ಹಿಡಿದು ಗುಡ್ಡದವರೆಗೆ ಎಲ್ಲ ವಿವರಿಸಿದೆ. ಚಹಾ ಆರಿತು. ಅವರು ಎರಡು ಸಲ ಆಕಳಿಸಿದರು.

"ಅಂದ್ರ, ನೆಟ್ಟಗ ನಿಂತ್ರ ಕಡಿಮಿ ಹರೀತದ, ವಾಲಿದ್ರ ಹೆಚ್ಚ ಹರೀತದ. ಹೌದಲ್ರಿ?"

"ಹೌದ್ರಿ."

"ನಾ ಮೂವತ್ತ ವರ್ಷದಿಂದ ನೆಟ್ಟಗ ನಿಂತೀನಿ. ಪ್ರಮೋಷನ್ ಯಾಕ ಬರಲಿಲ್ಲ ಅಂತ ನಮ್ಮ ಆಫೀಸಿನ ಜವಾನಗೂ ಗೊತ್ತದ. ಇದಕ್ಕ ಚಿನ್ನದ ಸೂಜಿ ಯಾಕ ಬೇಕಾತ್ರಿ?"

ಒಂದರಿಂದ ನಾಲ್ಕು

ನನ್ನ ಗುಡ್ಡಗಳು ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಮಾತ್ರ ಏಳುತ್ತಿದ್ದವು. ಉಳಿದ ಹೊತ್ತು ಪರದೆ ಬರೀ ಗೀಚು. ಅಣುವಿನ ದೋಷವೋ ಜಾತಕದ ದೋಷವೋ ತಿಳಿಯದೆ ಎರಡು ತಿಂಗಳು ತಲೆ ಕೆರೆದುಕೊಂಡೆ. ಕೊನೆಗೆ ತಿಳಿಯಿತು: ಗೋಡೆಯಾಚೆ ನೀರಿನ ಪಂಪು, ಅದರ ನಡುಕಕ್ಕೆ ರಬ್ಬರ್ ಹಗ್ಗವೂ ಸಾಲದು. ಅದನ್ನು ನೋಡಿಕೊಳ್ಳುವ ಹಿರಿಯರು, ನಮಗೆಲ್ಲ ಕಾಕಾ, ಹಗ್ಗದ ಅಂಗಡಿಯವರ ಹಾಗೆಯೇ ಅಪ್ಪಟ ಪುಣೇಕರ್. ಊಟವಾದ ಮೇಲೆ ಪಂಪು ಆರಿಸಿ, ನಾಲ್ಕರವರೆಗೆ ಮಲಗುವವರು. ನನ್ನ ವಿಜ್ಞಾನವೆಲ್ಲ ಅವರ ನಿದ್ದೆಯ ಮೇಲೆ ನಿಂತಿತ್ತು.

ಗೈಡ್‌ಗೆ ಎರಡು ಗಂಟೆಗೆ ಬರಲು ಹೇಳಿದೆ. ಅವರು ಪರವೂರಿನ ಪ್ರೊಫೆಸರೊಬ್ಬರನ್ನೂ ಕರೆತಂದರು. ಹುಡುಗ ಖರೇನೇ ಏನಾದರೂ ಮಾಡುತ್ತಾನೋ ಇಲ್ಲವೋ ನೋಡಲು ಖಡಕಿಯವರೂ, ಅಂದರೆ ಹುಡುಗಿಯ ತಂದೆಯೂ, ಬಂದರು. ಯಂತ್ರ ಶುರು ಮಾಡಿದೆ. ಪರದೆ ಬರೀ ಗೀಚು. ಗೋಡೆಯಾಚೆ ಪಂಪು ಧಡಧಡ ಅನ್ನುತ್ತಿತ್ತು.

ಓಡಿದೆ. ಕಾಕಾ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಮಂಚದ ಮೇಲೆ ನೆಟ್ಟಗೆ ಕೂತಿದ್ದರು.

"ಹೊರಗಿನ ಸಾಹೇಬರು ಬಂದಿದ್ದಾರೆ. ನಲ್ಲಿಯಲ್ಲಿ ನೀರು ಬರದಿದ್ದರೆ ನನ್ನ ಮಾನ ಏನಾಗಬೇಕು? ಎಚ್ಚರ ಇದ್ದೂ ಪಂಪು ನಿಲ್ಲಿಸುವ ಮನುಷ್ಯ ನಾನಲ್ಲ."

"ಹಾಗಾದರೆ ಮಲಗಿ ಕಾಕಾ."

"ನಿದ್ದೆ ಬರಬೇಕಲ್ಲ."

ಕೈ ಮುಗಿದೆ. ದಿಂಬು ತಟ್ಟಿ ಮೆದು ಮಾಡಿದೆ. ಚಾದರ ಹೊದಿಸಲು ಹೋದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಖಡಕಿಯವರು.

"ಇದೇನ್ರಿ ನಿಮ್ಮ ಕೆಲಸಾ?"

ಅಳು ಬಂದಿತ್ತು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅವರು ನನ್ನ ಕೈಯಿಂದ ಚಾದರ ತೆಗೆದುಕೊಂಡು, "ನೀವು ಯಂತ್ರದ ಕಡೆ ನಡೀರಿ," ಎಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು ಹೊರಬೀಳುವಾಗ ಮರಾಠಿಯಲ್ಲಿ ಶುರುವಾಗಿತ್ತು: "ಹೀಗೆ ನೋಡಿ ಕಾಕಾ, ಒಂದು ಚಿನ್ನದ ಸೂಜಿ ಇರುತ್ತದೆ..."

ನಾನು ಯಂತ್ರದ ಮುಂದೆ ಕೂತು ಐದು ನಿಮಿಷವಾಗಿರಲಿಲ್ಲ, ಪಂಪು ನಿಂತಿತು. ಮೂರೂವರೆಗೆ ಪರದೆಯ ಮೇಲೆ ಎರಡು ಗುಡ್ಡ ಚಂದವಾಗಿ ಎದ್ದವು. ಗೈಡ್ ಬೆನ್ನು ತಟ್ಟಿ, ನಾಳೆ ಥೀಸಿಸ್ ತಾ ಎಂದರು.

ಖಡಕಿಯವರು ಕಣ್ಣುಜ್ಜಿಕೊಳ್ಳುತ್ತಾ ಬಂದರು.

"ನಿಮ್ಮ ಸಂಶೋಧನೆಯಿಂದ ಯಾರಿಗೂ ಉಪಯೋಗ ಇಲ್ಲ ಅಂತ ಮನಿಯಾಗ ಅಂದಿದ್ದೆ. ಆ ಮಾತ ವಾಪಸ್ ತಗೊಂಡೆ, ಮುಹೂರ್ತ ನೋಡಸ್ತೀನಿ. ನಾ ಇನ್ನೂ ಅರ್ಧಾ ಸೈತ ಹೇಳಿರಲಿಲ್ಲರಿ, ಪಂಪ್ ನಾನ ಬಂದ್ ಮಾಡಬೇಕಾತು. ಅಣು ವಾಲೂಕಿಂತ ಮೊದ್ಲ ಕಾಕಾ ವಾಲಿದ್ರು."