ಅಣವೀರನ ರಕ್ತ ಹೇಳಿದ ಸುದ್ದಿ

ಸೇಡಂನ ಖಾಸಗಿ ಲ್ಯಾಬೊಂದರಿಂದ ರಕ್ತದ ಸೀಸೆಗಳ ಡಬ್ಬಿಯನ್ನು ಬಸ್ಸಿನಲ್ಲಿ ಕಲಬುರಗಿಗೆ ಮುಟ್ಟಿಸುವುದು ಅಣವೀರನ ಕೆಲಸ. ಡಬ್ಬಿಯೊಳಗೆ ಐಸ್ ಇಡುವುದು ರಕ್ತ ಕೆಡದಿರಲೆಂದು. ಆದರೆ ಆ ಸೋಮವಾರ ಮಳಖೇಡ ದಾಟುವಷ್ಟರಲ್ಲಿ ಬಿಸಿಲಿಗೆ ನೆತ್ತಿ ಕಾದ ಹಂಚಾಯಿತು ನೋಡಿ, ನಮ್ಮ ಪುಣ್ಯಾತ್ಮ ಇದ್ದಬದ್ದ ಐಸ್ ಪ್ಯಾಕನ್ನೆಲ್ಲ ತೆಗೆದು ರುಮಾಲಿನೊಳಗೆ ಸುತ್ತಿ ತಲೆಗೆ ಕಟ್ಟಿಕೊಂಡು ಹಾಯಾಗಿ ಗೊರಕೆ ಹೊಡೆದ. ಡಬ್ಬಿಯಲ್ಲಿ ಅವನ ರಕ್ತವೂ ಇತ್ತು. ನೌಕರಿ ಕಾಯಂ ಆಗಬೇಕಾದರೆ ತಪಾಸಣೆ ಕಡ್ಡಾಯವಾಗಿತ್ತು.

ಗುರುವಾರ ಬೆಳಿಗ್ಗೆ ಸೇಡಂ ಲ್ಯಾಬಿನ ಒಡತಿ ಪೂನಮ್ ಮೇಡಂ ಕಲಬುರಗಿಯಿಂದ ಬಂದ ರಿಪೋರ್ಟು ಹಿಡಿದುಕೊಂಡು ಅವನನ್ನು ಒಳಗೆ ಕರೆದರು.

“ಅಣವೀರ, ಮೈಯಾಗ ಒಂದು ಕಡಿಂದ ಇನ್ನೊಂದು ಕಡಿ ಸುದ್ದಿ ಒಯ್ಯೋ ಪ್ರೋಟೀನ್ ರಕ್ತದಾಗ ಇರ್ತಾವ. ಸಕ್ಕರಿಯಂಥಾವು ಅಂಟಿ ಅವುಗಳ ರೂಪ ಬದಲಾದ್ರ ಸುದ್ದಿ ಕೆಡತದ. ಸ್ವಲ್ಪ ಎಲ್ಲಾರಿಗೂ ಇರತದ. ನಿಮ್ಮದ್ರಾಗ ಒಂದೂ ನೆಟ್ಟಗ ಉಳದಿಲ್ಲ. ಜೀವ ಇರೋ ಮನುಷ್ಯಾನ ರಕ್ತ ಹಿಂಗ ಇದ್ದದ್ದು ನಾ ನೋಡಿಲ್ಲ.”

“ನಾ ಆರಾಮ ಇದ್ದೀನಲ್ರಿ ಮೇಡಂ.”

“ನಿಮಗ ಹ್ಯಾಂಗ ಗೊತ್ತು? ಆರಾಮ ಇಲ್ಲಂತ ಸುದ್ದಿ ಒಯ್ಯೋವೇ ಅವು.”

ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಯಿತು. ಎದುರು ಮನೆಯ ಭಾಗಮ್ಮ ಬಂದು ಅವನ ಕೈ ಹಿಚುಕಿ ನೋಡಿದಳು.

“ಇಂಥಾ ಬಿಸಲಾಗ ಥಣ್ಣಗ ಅದಲ್ಲೋ ತಮ್ಮಾ.”

ಚಹಾದಂಗಡಿಯ ನಬೀಸಾಬ್ ಕುದಿಯುವ ಚಹಾ ಕೊಟ್ಟ. ಅಣವೀರ ಗಾಬರಿಯಲ್ಲಿ ಗಟಗಟ ಕುಡಿದ. ನಬೀಸಾಬ್ ಎರಡು ಹೆಜ್ಜೆ ಹಿಂದೆ ಸರಿದ.

“ಬಾಯಿ ಸುಡಲಿಲ್ಲೇನ್ರಿ?”

ಸುಟ್ಟಿರಲಿಲ್ಲ. ಕೇಳಿದ ಮೇಲೇ ಅದು ಅಣವೀರನಿಗೆ ಹೊಳೆದದ್ದು, ಹೊಳೆದೊಡನೆ ಲೋಟ ಅಲ್ಲೇ ಇಟ್ಟು ಮನೆಯ ಹಾದಿ ಹಿಡಿದ.

ಮನೆಯಲ್ಲಿ ಹೆಂಡತಿ ನಾಗರತ್ನಾ ಅಳುತ್ತ ತಟ್ಟೆ ಇಟ್ಟಳು.

“ಮುಂಜಾನಿಂದ ಏನೂ ತಿಂದಿಲ್ಲ. ಹಸಿವಿ ಆಗಿಲ್ಲೇನ್ರಿ?”

“ಇಲ್ಲ” ಅಂದವನಿಗೆ ತನ್ನ ದನಿ ಕೇಳಿ ತನಗೇ ಭಯವಾಯಿತು. ಇನ್ನು ತಡೆಯಲಾರದೆ ಐಸಿನ ಸಂಗತಿಯನ್ನೆಲ್ಲ ಬಾಯಿಬಿಟ್ಟ.

“ಅಯ್ಯೋ, ರಕ್ತ ಡಬ್ಬಿದಾಗೇ ಕೆಟ್ಟದ ಅಂದ್ರ! ಹೋಗಿ ಮೇಡಂಗ ಹೇಳ್ರಿ, ಮತ್ತೊಮ್ಮೆ ರಕ್ತ ತಗೊಂಡು ನೋಡಲಿ.”

“ಹೇಳಿದ್ರ ನೌಕರಿ ಹೋಗತದ.”

“ನೌಕರಿ ಇನ್ನೊಂದು ಸಿಗತದ. ನೀವು ಸಿಗ್ತೀರೇನು?”

ಅಣವೀರ ಓಡಿದ. ಮೇಡಂ ಎಲ್ಲ ಕೇಳಿದರು. ಸಹಿಗೆಂದು ಇಟ್ಟಿದ್ದ ಅವನ ಕಾಯಂ ಆದೇಶವನ್ನು ಅವನೆದುರಿಗೇ ಹರಿದು ಬುಟ್ಟಿಗೆ ಹಾಕಿದರು.

“ನಾಳಿಂದ ಬರಬ್ಯಾಡ್ರಿ.”

“ಹೋಗಲಿ ಬಿಡ್ರಿ ಮೇಡಂ, ಜೀವ ಉಳೀತಲ್ಲ” ಎಂದು ಅಣವೀರ ನಕ್ಕ. ಆ ದಿನ ಅವನು ನಕ್ಕದ್ದು ಅದೇ ಮೊದಲು.

ಮೇಡಂ ನಗಲಿಲ್ಲ. ಮೇಜಿನ ಮೇಲಿದ್ದ ಉಳಿದ ರಿಪೋರ್ಟುಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಮತ್ತೊಮ್ಮೆ ಮೊದಲಿನಿಂದ ತಿರುವಿದರು.

“ಅದೇ ಡಬ್ಬಿದಾಗ ಇನ್ನೂ ಹನ್ನೊಂದು ಮಂದಿ ರಕ್ತ ಇತ್ತು, ಅಣವೀರ. ಎಲ್ಲಾರದೂ ಛಲೋ ಬಂದದ.”

ಹೇಳುತ್ತಲೇ ಅವರು ತಮ್ಮ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡರು.