ಗೋಬರ್ ಗ್ಯಾಸಿನ ಬೈಕೂ ಮಾವನ ಮನೆಯ ಊಟವೂ

ನಾನು ಹಠಮಾರಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಮಾತ್ರ ಅದನ್ನು ದೃಢನಿರ್ಧಾರ ಎನ್ನುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ ಸ್ವಾಮಿ? ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ತ್ಯಾಗಲಿಯ ನಮ್ಮ ಮನೆಯಂಗಳದಲ್ಲಿ ನಿಂತು, ಇನ್ನು ನನ್ನ ಬೈಕು ಪೆಟ್ರೋಲಿನಲ್ಲಿ ಓಡುವುದಿಲ್ಲ ಎಂದು ಘೋಷಿಸಿಬಿಟ್ಟೆ. ಕೇಳಿದ್ದು ನನ್ನ ಹೆಂಡತಿ ಸಾವಿತ್ರಿ ಮತ್ತು ಎರಡು ಎಮ್ಮೆಗಳು. ಎಮ್ಮೆಗಳು ವಿರೋಧಿಸಲಿಲ್ಲ.

ಯೋಜನೆ ಸರಳವಾಗಿತ್ತು. ಕೊಟ್ಟಿಗೆಯ ಪಕ್ಕದಲ್ಲಿ ಗೋಬರ್ ಗ್ಯಾಸಿನ ಗುಂಡಿ ಇದ್ದೇ ಇದೆ. ಮನೆಯ ಮೇಲಿನ ಬಯಲಿನಲ್ಲಿ ಗಾಳಿ ಧಾರಾಳ. ಡ್ರಮ್ಮಿನ ತಗಡು ಕತ್ತರಿಸಿ ರೆಕ್ಕೆ ಮಾಡಿ, ಅದು ತಿರುಗಿದಾಗ ಒಂದು ಪಂಪು ಗ್ಯಾಸನ್ನು ಎಳೆದು ಟ್ರ್ಯಾಕ್ಟರಿನ ಟ್ಯೂಬಿಗೆ ತುಂಬುವಂತೆ ಜೋಡಿಸಿದೆ. ಟ್ಯೂಬಿನಿಂದ ಎಂಜಿನ್ನಿಗೆ ಒಂದು ಪೈಪು. ಸ್ಟಾರ್ಟ್ ಮಾಡಲು ಮಾತ್ರ ಒಂದು ಗುಟುಕು ಪೆಟ್ರೋಲ್ ಬೇಕಿತ್ತು. ಅದನ್ನು ನಾನು ತೀರ್ಥವೆಂದು ತಿಳಿದು ಲೆಕ್ಕಕ್ಕೆ ಹಿಡಿಯಲಿಲ್ಲ.

"ಅಡಿಗೆಮನೆ ಗ್ಯಾಸನ್ನ ಬೈಕಿಗೆ ಕುಡಿಸಿರೆ ಆನು ಅನ್ನ ಎಂತದ್ರಲ್ಲಿ ಮಾಡವು?" ಎಂದಳು ಸಾವಿತ್ರಿ. ಮೂರು ದಿನ ಅವಲಕ್ಕಿ ತಿಂದೆವು. ನಾಲ್ಕನೆಯ ದಿನ ಅವಳು ಷರತ್ತು ಹಾಕಿದಳು. "ಒಂದೇ ಸಲ ನೋಡ್ತೆ. ಭಾನುವಾರ ಹುಲಗೋಳಕ್ಕೆ ಅಪ್ಪನ ಮನೆಗೆ ಗ್ಯಾಸಲ್ಲೇ ಹೋಗಿ ಗ್ಯಾಸಲ್ಲೇ ಬನ್ನಿ. ಆಗದಿದ್ರೆ ಆ ರೆಕ್ಕೆ ಗುಜರಿಗೆ." ನಾನು ಒಪ್ಪಿದೆ. ನನ್ನ ಮಾನ, ನನ್ನ ವಿಜ್ಞಾನ, ನನ್ನ ರೆಕ್ಕೆ ಎಲ್ಲವೂ ಆ ಭಾನುವಾರಕ್ಕೆ ಜೋತುಬಿದ್ದವು.

ಟ್ಯೂಬು ಹಿಂದಿನ ಸೀಟನ್ನೆಲ್ಲ ಆಕ್ರಮಿಸಿದ್ದರಿಂದ ಸಾವಿತ್ರಿ ಬಸ್ಸಿನಲ್ಲಿ ಹೊರಟಳು. ನನ್ನ ಬೈಕು ಕೆಮ್ಮುತ್ತ, ಸೀನುತ್ತ, ದಾರಿಯ ನಾಯಿಗಳನ್ನೆಲ್ಲ ಎಬ್ಬಿಸುತ್ತ ಓಡಿತು. ನಿಜವಾಗಿ ಓಡಿತು! ಕೊನೆಯ ಇಳಿಜಾರನ್ನು ಎಂಜಿನ್ನಿನ ಹಂಗಿಲ್ಲದೆ ಇಳಿದು ಮಾವನ ಅಂಗಳದಲ್ಲಿ ನಿಂತಾಗ ಟ್ಯೂಬು ಪೂರ್ತಿ ಬಾಡಿತ್ತು. ಆದರೂ ತಲುಪಿದ್ದೆನಲ್ಲ, ಎದೆ ಉಬ್ಬಿತ್ತು.

ನಮ್ಮ ಕಡೆ ನೆಂಟರು ಮೆಟ್ಟಿಲು ಹತ್ತುವ ಮೊದಲೇ ಕುಡಿಯಲು ಏನು ಬೇಕೆಂದು ಕೇಳುವುದು ರೂಢಿ. ನೆಂಟರು ಕೇಳಿದ್ದನ್ನು ಇಲ್ಲವೆನ್ನುವುದಿಲ್ಲ, ಅಳಿಯನಿಗಂತೂ ಸುತರಾಂ ಇಲ್ಲ. "ಆಸ್ರಿಗೆ ಎಂತ ಮಾಡವು? ಚಾ ಅಡ್ಡಿಲ್ಯ?" ಎಂದರು ಅತ್ತೆ. "ಯಂಗೆ ಎಂತದೂ ಬ್ಯಾಡ, ಬೈಕಿಗೆ ಗ್ಯಾಸು ಕೊಟ್ರೆ ಸಾಕು" ಎಂದೆ, ದೊಡ್ಡ ಹಾಸ್ಯಗಾರನಂತೆ. ಮಾವ ತಕ್ಷಣ ಎದ್ದರು. "ಅಳಿಯ ಬಾಯಿಬಿಟ್ಟು ಕೇಳಿದ್ದ, ಇಲ್ಲೆ ಹೇಳಲಾಗ್ತಾ? ತುಂಬ್ಕಳಿ, ತುಂಬ್ಕಳಿ." ತಮ್ಮ ಮನೆಯ ಗೋಬರ್ ಗ್ಯಾಸ್ ಗುಂಡಿಯ ಡ್ರಮ್ಮಿನ ಮೇಲೆ ತಾವೇ ಕಲ್ಲು ಹೇರಿ, ಕೊನೆಯ ಉಸಿರಿನವರೆಗೂ ಗ್ಯಾಸನ್ನು ನನ್ನ ಟ್ಯೂಬಿಗೆ ತುಂಬಿಸಿದರು.

ನಾನು ಜಗುಲಿಯಲ್ಲಿ ಕೂತು ಗೆಲುವಿನ ಕನಸು ಕಾಣುತ್ತಿದ್ದಾಗ ಒಳಗಿನಿಂದ ಹೊಗೆ ಬಂತು. ಇಣುಕಿದರೆ ಅತ್ತೆ ಯಾವುದೋ ಕಾಲದಲ್ಲಿ ಬಿಟ್ಟಿದ್ದ ಕಟ್ಟಿಗೆಯ ಒಲೆಯ ಮುಂದೆ ಕೂತಿದ್ದಾರೆ. ಕಟ್ಟಿಗೆ ಹಸಿ. ಊದಿ ಊದಿ ಕಣ್ಣು ಕೆಂಪಾಗಿದೆ. ಒಲೆಯ ಮೇಲೆ ಅಳಿಯನಿಗೆಂದೇ ಇಟ್ಟ ಅನ್ನದ ಪಾತ್ರೆ. "ಎಂತ ಆಜಿಲ್ಲೆ, ಹೊಗೆ ಸೊಳ್ಳೆಗೆ ಒಳ್ಳೇದು" ಎಂದು ಕೆಮ್ಮಿದರು. ಗಾಳಿ ಎಂದರೆ ಅವರ ಉಸಿರು, ಇಂಧನ ಎಂದರೆ ಆ ಹಸಿ ಕಟ್ಟಿಗೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಬಸ್ಸಿನಲ್ಲಿ ಬಂದಿಳಿದಿದ್ದ ಸಾವಿತ್ರಿ ಅಮ್ಮನ ಕೈಯ ಊದುಗೊಳವೆ ಇಸಿದುಕೊಂಡು ತಾನೇ ಊದತೊಡಗಿದಳು.

ಟ್ಯೂಬನ್ನು ಬೈಕಿನಿಂದ ಬಿಚ್ಚಿದೆ. ಅಡಿಗೆಮನೆಯ ಕಿಟಕಿಯ ಹೊರಗೆ ಇಟ್ಟು ಪೈಪನ್ನು ಗ್ಯಾಸಿನ ಒಲೆಗೆ ಜೋಡಿಸಿದೆ. ಜ್ವಾಲೆ ಬಂತು, ಆದರೆ ಸೊರಗಿತು. ಒತ್ತಡ ಸಾಲದು. ಟ್ಯೂಬಿನ ಮೇಲೆ ಕೂತೆ. ಭರ್‍ರೆಂದು ನೀಲಿ ಜ್ವಾಲೆ! ಎದ್ದರೆ ಒಲೆ ಮಲಗುತ್ತದೆ, ಕೂತರೆ ಏಳುತ್ತದೆ. ಅನ್ನವಾಯಿತು, ಸಾರಾಯಿತು. ಹಲ್ಲುಕಚ್ಚಿ ಕೂತೇ ಇದ್ದೆ. ಕಾಲು ಜೋಮು ಹಿಡಿದು ಮೆಲ್ಲಗೆ ಅಲುಗಿದ್ದಕ್ಕೆ ಕಿಟಕಿಯಿಂದ ಅತ್ತೆ ಕೂಗಿದರು. "ಏಳಡಿ ಮಾರಾಯ್ರೇ, ಕೂತ್ಕಳಿ, ಪಾಯಸ ಇನ್ನೂ ಆಜಿಲ್ಲೆ!"

ವಾಪಸಿಗೆ ಟ್ಯೂಬಿನಲ್ಲಿ ಗ್ಯಾಸು ಉಳಿಯಲಿಲ್ಲ, ಷರತ್ತಿನಂತೆ ರೆಕ್ಕೆ ಗುಜರಿಗೆ ಹೋಯಿತು. ಆದರೂ ಒಂದು ಮಾತನ್ನು ದೃಢವಾಗಿ ಹೇಳುತ್ತೇನೆ. ಆ ಭಾನುವಾರ ನನ್ನ ಯಂತ್ರ ಮೊದಲ ಬಾರಿಗೆ ನಾಲ್ಕು ಜನರ ಉಪಯೋಗಕ್ಕೆ ಬಂತು. ಅದಕ್ಕೆ ನಾನು ಮಾಡಬೇಕಾಗಿದ್ದದ್ದು ಇಷ್ಟೇ: ಸುಮ್ಮನೆ ಕೂತಿರುವುದು.