ಹುತ್ತಕ್ಕೆ ಔಷಧಿ ಹೊಡೆಯೋನು ಯಾವ ಬೆಡಗು?

ನಂಕ್ಯಾ: ಹೇಳಿಬಿಟ್ಟಿದೀನಿ ನೋಡಿ. ಹತ್ತು ಗಂಟೆಗೆ ಔಷಧಿ ಹೊಡೆಯೋ ಮೂರನೆಯವನು ಬರ್ತಾನೆ. ಅವನನ್ನೂ ಓಡಿಸಿದ್ರೆ ಈ ಮನೇಲಿ ಗೆದ್ದಲಿರಬೇಕು, ಇಲ್ಲ ನಾನಿರಬೇಕು!

ಕಜೂಬಿ: ನಾನೆಲ್ಲಿ ಓಡಿಸ್ದೆ? ಯಾವ ಬೆಡಗು ಅಂತ ಕೇಳ್ದೆ, ಅಷ್ಟೇ. ಬಂದವರ ಕುಲ, ಬೆಡಗು ಕೇಳೋದು ಮರ್ಯಾದೆ ಕಣೇ.

ನಂಕ್ಯಾ: ಮೊದಲನೆಯವನು ಪಂಪು ಕೆಳಗಿಳಿಸೋ ಮುಂಚೆ ಕೇಳಿದ್ರಿ.

ಕಜೂಬಿ: ಕೆಸರುಮೀನು ಬೆಡಗು ಅಂದ. ನಿನ್ನದೂ ಅದೇ. ಅಂದ್ಮೇಲೆ ಅವನು ನಿನಗೆ ತಮ್ಮ. ಭಾವಮೈದ ಮೊದಲ ಸಲ ಮನೆಗೆ ಬಂದಾಗ ಹುಂಜ ಕೊಡಬೇಕೋ, ವಿಷ ಹೊಡಿ ಅನ್ನಬೇಕೋ?

ನಂಕ್ಯಾ: ನನ್ನ ಒಳ್ಳೇ ಹುಂಜ! ಬೈಕಿನ ಹಿಂದೆ ಕಟ್ಟಿಕೊಂಡು ಹೋದೋನು ಪತ್ತೇನೇ ಇಲ್ಲ.

ಕಜೂಬಿ: ಹುಂಜ ತಗೊಂಡ್ಮೇಲೆ ಪಂಪು ಹಿಡಿಯೋಕೆ ಅವನಿಗೂ ಮನಸ್ಸು ಬರಬೇಕಲ್ಲ.

ನಂಕ್ಯಾ: ಎರಡನೆಯವನು?

ಕಜೂಬಿ: ಅವನದು ಅಣಬೆ ಬೆಡಗು. ಮಳೆಗಾಲದಲ್ಲಿ ಅಣಬೆ ಏಳೋದು ಎಲ್ಲಿ? ಹುತ್ತದ ಮೇಲೆ. ಬೆಡಗಿನ ಅಣಬೆಗೆ ತಾನೇ ವಿಷ ಹಾಕಿದ ಅಂತ ನಾಳೆ ಜನ ಅವನನ್ನ ಆಡಿಕೊಳ್ಳಲ್ವಾ? ನಾನು ಹೇಳಿದ್ದಕ್ಕೆ ಕೈಹಿಡಿದು ಥ್ಯಾಂಕ್ಸ್ ಅಂದ, ಪಾಪ.

ಪಾಪ ಅನ್ನುವಾಗ ಕಜೂಬಿ ಮೇಷ್ಟ್ರ ಮುಖದಲ್ಲಿ ಪಾಪದ ಸುಳಿವೇ ಇರಲಿಲ್ಲ. ಕಂಪಾಲಾದ ನಜ್ಜೇರ ಗುಡ್ಡದ ಮೇಲೆ ಹನ್ನೊಂದು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕಟ್ಟಿಸಿದ ಮನೆ ಅದು. ಈಗ ಬಾಗಿಲ ಚೌಕಟ್ಟಿಗೆ ಬೆರಳಿಟ್ಟರೆ ಹಿಟ್ಟು ಉದುರುತ್ತಿತ್ತು. ಮಲಗುವ ಕೋಣೆಯ ಬೀರುವಿನಲ್ಲಿ ನಂಕ್ಯಾಳ ಹಬ್ಬದ ಉಡುಪುಗಳನ್ನು ಗೆದ್ದಲು ಅಂಚಿನಿಂದ ರುಚಿ ನೋಡುತ್ತ ಬಂದಿತ್ತು. ಮುಂದಿನ ಶನಿವಾರ ಮಗಳು ಜಸ್ಟೀನಳನ್ನು ಕೇಳಲು ಗಂಡಿನ ಕಡೆಯವರು ನಲವತ್ತು ಜನ ಬರುವವರಿದ್ದರು. ಅವರೆದುರು ಬಾಗಿಲು ಕಳಚಿಬಿದ್ದರೆ ತಲೆಯೆತ್ತುವುದು ಹೇಗೆಂದು ನಂಕ್ಯಾ ಊಟ ನಿದ್ದೆ ಬಿಟ್ಟಿದ್ದಳು.

ಮೇಷ್ಟ್ರ ಪ್ರಾಣವಿದ್ದದ್ದು ಅಡುಗೆಮನೆಯ ಹಿಂದಿನ ಎದೆಯೆತ್ತರದ ಹುತ್ತದಲ್ಲಿ. ನವೆಂಬರ್ ಮಳೆ ಬಿದ್ದರೆ ಆ ಹುತ್ತದ ಗೆದ್ದಲಿಗೆ ರೆಕ್ಕೆ ಬರುತ್ತದೆ. ಈಸಲುಹುಳವಾಗಿ ಅದು ಏಳುವಾಗ ಹಿಡಿದು, ಉಪ್ಪು ಹಾಕಿ ಹುರಿದರೆ ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು. ಅದೇ ತಿಂಗಳು ಊರಿಗೆ ಊರೇ ಹುರಿದ ಮಿಡತೆ ತಿನ್ನುತ್ತದೆ. ಆದರೆ ಮೇಷ್ಟ್ರದು ಮಿಡತೆ ಬೆಡಗು, ಬೆಡಗಿನ ಜೀವವನ್ನು ಬಾಯಿಗಿಡುವಂತಿಲ್ಲ. ಎಲ್ಲರೂ ಕುರುಕುರು ಅನ್ನಿಸುವಾಗ ಅವರಿಗೆ ಉಳಿದಿದ್ದು ಈಸಲುಹುಳ ಒಂದೇ. ಅದನ್ನೂ ಕಳೆದುಕೊಳ್ಳಲು ಅವರು ಸುತರಾಂ ತಯಾರಿರಲಿಲ್ಲ.

ಹತ್ತಕ್ಕೆ ಸರಿಯಾಗಿ ಗೇಟು ಬಡಿಯಿತು. ಹಸಿರು ಅಂಗಿ, ಬೆನ್ನಿಗೆ ಪಂಪು, ಇನ್ನೂ ಮೀಸೆ ಗಟ್ಟಿಯಾಗದ ಮುಖ. ಹುಡುಗ ಮನೆಯ ಸುತ್ತ ಎರಡು ಸಲ ತಿರುಗಿ, ಗೋಡೆ ತಟ್ಟಿ, ಹುತ್ತದ ಮುಂದೆ ಬಂದು ನಿಂತ.

ಹುಡುಗ: ಸಾರ್, ಮನೆಯೊಳಗೆ ಎಷ್ಟು ಹೊಡೆದರೂ ದಂಡ. ರಾಣಿ ಇಲ್ಲಿದಾಳೆ. ಮೊದಲು ಇದಕ್ಕೆ ಹುಯ್ಯಬೇಕು.

ಕಜೂಬಿ: ಆಗಲಪ್ಪ, ಹುಯ್ಯೋಣ. ಅವಸರ ಏನು? ಕೂತ್ಕೋ. ಕಡಲೆಕಾಯಿ ತಿನ್ನು. ಅಂದಹಾಗೆ... ಯಾವ ಬೆಡಗು?

ನಂಕ್ಯಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಜಗಳಕ್ಕೆ ಬರುತ್ತಾಳೆಂದು ಮೇಷ್ಟ್ರು ಕಾದರು. ಅವಳು ಸೌಟು ಒರೆಸುತ್ತ ಹುಡುಗನ ಉತ್ತರಕ್ಕೆ ಕಿವಿಗೊಟ್ಟಳು.

ಹುಡುಗ: ಮಿಡತೆ ಬೆಡಗು ಸಾರ್.

ಕಜೂಬಿ: ಅಯ್ಯೋ, ನನ್ನ ತಮ್ಮಾ! ನಾನೂ ಮಿಡತೆ ಕಣೋ! ಕೇಳಿದೆಯೇನೇ? ನಮ್ಮವನೇ!

ನಂಕ್ಯಾ: ಕೇಳಿಸ್ತು.

ಕಜೂಬಿ: ನೋಡು ತಮ್ಮಾ, ಅಣ್ಣ ಹೇಳಿದ ಮಾತಿಗೆ ತಮ್ಮ ಎದುರಾಡಬಾರದು. ಇವತ್ತು ಪಂಪು ತಗೊಂಡು ಹೋಗು. ಡಿಸೆಂಬರಲ್ಲಿ ಬಾ. ಹುತ್ತ ಎಲ್ಲಿಗೂ ಓಡಿಹೋಗಲ್ಲ.

ಹುಡುಗ: ಅಲ್ಲ ಸಾರ್, ಅಷ್ಟರಲ್ಲಿ ಚಾವಣಿ ಮರ...

ಕಜೂಬಿ: ಮತ್ತೆ ಸಾರ್ ಅಂತೀಯಲ್ಲ! ಅಣ್ಣ ಅನ್ನು.

ನಂಕ್ಯಾ: ಅಲ್ಲರೀ, ಅಣ್ಣ ಯಾರು ತಮ್ಮ ಯಾರು ಅಂತ ತಾತ ಮುತ್ತಾತನ ಹೆಸರು ಕೇಳದೆ ಹೇಗೆ ಹೇಳ್ತೀರಿ? ಮೇಷ್ಟ್ರಾಗಿ ಹೀಗೆ ಅರೆಬರೆ ಮಾಡಬಾರದು.

ಹೆಂಡತಿ ಕೊನೆಗೂ ದಾರಿಗೆ ಬಂದಳೆಂದು ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. ಎದ್ದು ನಿಂತು, ಮದುವೆ ಮನೆಗಳಲ್ಲಿ ಹೇಳುವ ರಾಗದಲ್ಲೇ ವಂಶಾವಳಿ ಒಪ್ಪಿಸಿದರು.

ಕಜೂಬಿ: ನಾನು ಕಜೂಬಿ! ನಮ್ಮಪ್ಪ ಮುಯಾಂಜ! ತಾತ ಮುಗಲೂಲ! ಮುತ್ತಾತ ಮಾಸಾಕದ ಕಿಬಾಲೆ, ಎಂಟು ಹೆಂಡಿರ ಸರದಾರ! ಈಗ ನೀನು ಹೇಳು ತಮ್ಮಾ.

ಹುಡುಗ: ನಾನು ಕಲಿಬ್ಬಾಲ. ನಮ್ಮಪ್ಪ ಸೆರುಗ. ತಾತ ಬುಯೋಂಗ... ಮಾಸಾಕದ ಕಿಬಾಲೆಗೆ ಕೊನೇ ತಮ್ಮ.

ಮೇಷ್ಟ್ರು ಗಾಬರಿಯಿಂದ ಬೆರಳು ಮಡಚಿ ಎಣಿಸತೊಡಗಿದರು. ಹುಡುಗನೂ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ.

ಕಲಿಬ್ಬಾಲ: ನಿಮ್ಮ ಮುತ್ತಾತ, ನಮ್ಮ ತಾತ ಅಣ್ಣತಮ್ಮಂದಿರು. ನಿಮ್ಮ ತಾತ, ನಮ್ಮಪ್ಪ ಒಂದು ಸಾಲು. ನಿಮ್ಮಪ್ಪ, ನಾನು ಒಂದು ಸಾಲು. ಹಾಗಾದ್ರೆ ನಾನು ನಿಮಗೆ...

ನಂಕ್ಯಾ: ಅಪ್ಪ!

ಅಂದವಳೇ ಸೌಟು ಬಿಟ್ಟು ಬಾಗಿಲ ಮರೆಗೆ ಸರಿದು, ಮಾವನೆದುರು ಸೊಸೆ ಹೇಗಿರಬೇಕೋ ಹಾಗೆ ದೂರದಿಂದಲೇ ಮಂಡಿಯೂರಿದಳು.

ನಂಕ್ಯಾ: ಮಾವಯ್ಯಾ, ಚೆನ್ನಾಗಿದೀರಾ? ಮನೇಲೆಲ್ಲ ಕ್ಷೇಮವಾ?

ಕಜೂಬಿ: ಏಳೇ! ನಮ್ಮ ಜಸ್ಟೀನಳಿಗಿಂತ ಚಿಕ್ಕವನು ಕಣೇ ಅವನು!

ನಂಕ್ಯಾ: ಹುಟ್ಟಿದ ವರ್ಷ ನೋಡ್ತಾರಾ ಬೆಡಗಿನಲ್ಲಿ? ನಿಮ್ಮಪ್ಪನ್ನ ಅವನು ಇವನು ಅಂತೀರಲ್ಲ, ಸ್ವಲ್ಪ ಬಾಯಿ ಬಿಗಿ ಇರಲಿ. ಮಾವಯ್ಯಾ, ನಿಮ್ಮ ಮಗ ನನ್ನ ಮಾತು ಕೇಳಲ್ಲ. ಹುತ್ತ ಮುಟ್ಟೋಕೆ ಬಿಡ್ತಿಲ್ಲ. ಮೊಮ್ಮಗಳ ಗಂಡಿನ ಕಡೆಯವರು ಬರೋ ಹೊತ್ತಿಗೆ ಬಾಗಿಲು ಬಿದ್ದುಹೋದ್ರೆ ಮಿಡತೆ ಬೆಡಗಿನ ಮಾನ ಉಳಿಯುತ್ತಾ?

ಕಲಿಬ್ಬಾಲ ನಿಧಾನವಾಗಿ ಕುರ್ಚಿಯಲ್ಲಿ ಹಿಂದಕ್ಕೊರಗಿ ಕಾಲ ಮೇಲೆ ಕಾಲು ಹಾಕಿದ. ಮೀಸೆ ಇರಬೇಕಾದ ಜಾಗವನ್ನು ಸವರಿಕೊಂಡ.

ಕಲಿಬ್ಬಾಲ: ಮಗನೇ.

ಕಜೂಬಿ: ...ಅಪ್ಪಾ.

ಕಲಿಬ್ಬಾಲ: ಹುತ್ತ ಇವತ್ತೇ ಹೋಗಬೇಕು.

ಕಜೂಬಿ: ಎರಡೇ ವಾರ ಕೊಡಿ ಅಪ್ಪಾ! ತಾವೂ ಮಿಡತೆ ಬೆಡಗು. ನವೆಂಬರಲ್ಲಿ ಬಾಯಿ ಕಟ್ಟಿಕೊಂಡು ಕೂರೋ ಸಂಕಟ ತಮಗೂ ಗೊತ್ತಲ್ಲ?

ಹುಡುಗನ ಕಣ್ಣು ಒಂದು ಗಳಿಗೆ ಹುತ್ತದ ಕಡೆ ಹೋಯಿತು. ಗಂಟಲು ಮೇಲೆ ಕೆಳಗೆ ಆಡಿತು. ಮೇಷ್ಟ್ರು ಆಸೆಯಿಂದ ಒಂದು ಹೆಜ್ಜೆ ಮುಂದೆ ಬಂದರು.

ಕಲಿಬ್ಬಾಲ: ಗೊತ್ತು ಮಗನೇ. ಆದರೆ ಮೊಮ್ಮಗಳ ಮಾನ ದೊಡ್ಡದು.

ಹೇಳಿದ್ದೇ ತಡ, ಅವನೇ ಹೋಗಿ ಹುತ್ತಕ್ಕೆ ತೂತು ಕೊರೆದು ಔಷಧಿ ಹುಯ್ದು ಬಂದ. ಮೇಷ್ಟ್ರು ಮನೆಯವರೇ ತೀರಿಕೊಂಡಂತೆ ತಲೆ ತಗ್ಗಿಸಿ ನಿಂತಿದ್ದರು. ನಿಜಕ್ಕೂ ಅವರಿಗೆ ಅಳು ಬಂದಿತ್ತು.

ಕಲಿಬ್ಬಾಲ: ಇನ್ನು ಒಳಗಡೆ. ಮಲಗೋ ಕೋಣೆ ಎಲ್ಲಿ?

ಮೇಷ್ಟ್ರು ಥಟ್ಟನೆ ತಲೆಯೆತ್ತಿದರು.

ಕಜೂಬಿ: ಶಾಂತಂ ಪಾಪಂ! ಸೊಸೆ ಮಲಗೋ ಕೋಣೆಗೆ ಮಾವ ಕಾಲಿಡೋದುಂಟಾ? ಬೆಡಗು ಅಂದ್ಮೇಲೆ ಪೂರ್ತಿ ಬೆಡಗು! ಕೆಲಸ ಇಲ್ಲಿಗೇ ನಿಂತಿತು ಕಣೇ. ಇನ್ನೊಬ್ಬನನ್ನ ಹುಡುಕು.

ನಂಕ್ಯಾ: ಇನ್ನೊಬ್ಬ ಯಾಕೆ? ಮಗ ಹೋಗಬಹುದಲ್ಲ.

ಕಲಿಬ್ಬಾಲ: ಸೊಸೆ ಬುದ್ಧಿವಂತೆ.

ಐದು ನಿಮಿಷದಲ್ಲಿ ಮೇಷ್ಟ್ರ ಬೆನ್ನ ಮೇಲೆ ಪಂಪು, ಮೂಗಿಗೆ ಮುಸುಕು, ಕೈಗೆ ಮೊಣಕೈವರೆಗಿನ ರಬ್ಬರ್ ಗವಸು. ಮಾವಿನ ಮರದ ನೆರಳಲ್ಲಿ ಕೂತ ಅಪ್ಪ ಟೀ ಕುಡಿಯುತ್ತ ಕಿಟಕಿಯತ್ತ ಕೂಗಿ ಹೇಳುತ್ತಿದ್ದರು.

ಕಲಿಬ್ಬಾಲ: ಬೀರುವಿನ ಹಿಂದೆ, ಮಗನೇ! ಬಗ್ಗು! ಇನ್ನೂ ಬಗ್ಗು!

ಕಜೂಬಿ (ಬಾಗಿಲ ಹೊರಗೆ ನಿಂತ ಹೆಂಡತಿಗೆ, ಮುಸುಕಿನೊಳಗಿಂದ): ನಿಜ ಹೇಳು. ಇವನನ್ನ ಎಲ್ಲಿಂದ ಹಿಡಿದು ತಂದೆ?

ನಂಕ್ಯಾ: ಆರು ಕಂಪನಿಗೆ ಫೋನ್ ಮಾಡಿದೆ. ಔಷಧಿ ಯಾವುದು ಅಂತ ಒಬ್ಬರನ್ನೂ ಕೇಳಲಿಲ್ಲ. ನಿಮ್ಮಲ್ಲಿ ಮಿಡತೆ ಬೆಡಗಿನವರು ಯಾರಿದಾರೆ, ಅವರ ತಾತ ಯಾರು ಅಂತಷ್ಟೇ ಕೇಳಿದೆ. ಒಂದು ಕಡೆ ನಿಮಗೆ ತಾತ ಆಗೋರೇ ಸಿಕ್ಕಿದ್ದರು.

ಕಜೂಬಿ: ಅವರನ್ನೇ ಕರೆಸಬೇಕಿತ್ತು!

ನಂಕ್ಯಾ: ಬೇಡ ಅನ್ನಿಸ್ತು. ತಾತಂದಿರಿಗೆ ಮೊಮ್ಮಕ್ಕಳ ಮೇಲೆ ಮುದ್ದು ಜಾಸ್ತಿ. ಹುತ್ತ ಬಿಟ್ಟುಬಿಡ್ತಿದ್ದರು.